ಮನೆಯ ಜಾಲಕ್ಕೂ ಒಳಬಾಗಿಲು

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಇಂತಹ ಉತ್ಸವಗಳಲ್ಲಿ ಭಾಷೆ, ಸಾಹಿತ್ಯ, ನಮ್ಮ ಶಾಲೆಗಳ ಸ್ಥಿತಿಗತಿ ಇವುಗಳನ್ನು ಕುರಿತು ಮಾತನಾಡುವುದು ವಾಡಿಕೆ. ವಿಷಯವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ಕಾರ್ಯದರ್ಶಿಗಳು ನಮಗೇ ಬಿಟ್ಟುಕೊಟ್ಟಾಗ, ಮನೆಯ ಇಂಟರ್‌ನೆಟ್ ಪೆಟ್ಟಿಗೆಯನ್ನು ಕುರಿತು ನಾಲ್ಕು ಮಾತುಗಳನ್ನಾಡುವೆವೆಂದು ತಿಳಿಸಿದೆವು. ಅವರು ಕ್ಷಣಕಾಲ ಸುಮ್ಮನಿದ್ದು, "ಅದಕ್ಕೂ ಕನ್ನಡಕ್ಕೂ ಸಂಬಂಧವುಂಟೆ?" ಎಂದು ಕೇಳಿದರು. ಉಂಟು, ಆ ಸಂಬಂಧವನ್ನು ಮೊದಲು ಹೇಳಿ ಆಮೇಲೆ ಪೆಟ್ಟಿಗೆಗೆ ಬರುತ್ತೇವೆ.

ನಮ್ಮ ತೀರ್ಥರೂಪರು 1978ರಿಂದ ಮೊದಲ್ಗೊಂಡು ಸುಮಾರು ಹದಿನೈದು ವರ್ಷಗಳ ಕಾಲ, ಊರಿನ ದೇವಸ್ಥಾನಗಳಲ್ಲಿಯೂ ಬಂಧುಗಳ ಮನೆಯ ಚಾವಡಿಗಳಲ್ಲಿಯೂ ನಡೆಯುತ್ತಿದ್ದ ತಾಳಮದ್ದಲೆಗಳನ್ನು ಟೇಪ್ ರೆಕಾರ್ಡರಿನಲ್ಲಿ ಹಿಡಿದಿರಿಸುತ್ತಿದ್ದರು. ಒಟ್ಟು 43 ಕ್ಯಾಸೆಟ್ಟುಗಳು. ಮಳೆಗಾಲದ ತೇವಕ್ಕೆ ಅವುಗಳಿಗೆ ಬೂಷ್ಟು ಹಿಡಿಯತೊಡಗಿದುದರಿಂದ 2019ರಲ್ಲಿ ಅವೆಲ್ಲವನ್ನೂ ಕಂಪ್ಯೂಟರಿಗೆ ಇಳಿಸಿಕೊಂಡು, ಜಮೀನಿನ ಕಾಗದಪತ್ರಗಳ ಮತ್ತು ಹಳೆಯ ಭಾವಚಿತ್ರಗಳ ಪ್ರತಿಗಳೊಡನೆ ಒಂದು ಡಿಸ್ಕಿನಲ್ಲಿ ತುಂಬಿ, ಆ ಡಿಸ್ಕನ್ನು ವೈಫೈ ಪೆಟ್ಟಿಗೆಗೆ ಜೋಡಿಸಿದೆವು. ಮನೆಯ ಯಾವ ಮೂಲೆಯಲ್ಲಿ ಕುಳಿತಾದರೂ, ಯಾರ ಮೊಬೈಲಿನಿಂದಲಾದರೂ ಅದನ್ನು ತೆರೆದು ಕೇಳಬಹುದಾಗಿದ್ದಿತು. ಅದಕ್ಕೆ ಪಾಸ್‌ವರ್ಡು ಇರಲಿಲ್ಲ. ಮನೆಯವರಿಗೇಕೆ ಬೀಗ ಎಂಬುದು ನಮ್ಮ ಭಾವನೆ. ತೀರ ಕೆಟ್ಟುಹೋಗಿದ್ದ ಕ್ಯಾಸೆಟ್ಟುಗಳನ್ನು, ಇನ್ನು ಬೇಡವೆಂದು, ಎಸೆದುಬಿಟ್ಟೆವು.

2022ರ ಏಪ್ರಿಲಿನಲ್ಲಿ ಮನೆಯಲ್ಲಿ ಒಂದು ಉಪನಯನ. ಅಂಗಳ ತುಂಬ ನೆಂಟರು. ಬಂದವರು ಕೈಕಾಲು ತೊಳೆದು, ಬೆಲ್ಲ ನೀರು ಕುಡಿದು, ಮೊದಲು ಕೇಳಿದುದು ವೈಫೈಯ ಪಾಸ್‌ವರ್ಡನ್ನು. ಒಬ್ಬೊಬ್ಬರಿಗೂ ಹೇಳಿ ಸಾಕಾಗಿ, ಅದನ್ನು ದಪ್ಪ ಅಕ್ಷರಗಳಲ್ಲಿ ಬರೆದು ಚಾವಡಿಯ ಕಂಬಕ್ಕೆ ಅಂಟಿಸಿದೆವು. ಅತಿಥಿಗಳಲ್ಲೊಬ್ಬ ಕಾಲೇಜು ವಿದ್ಯಾರ್ಥಿಯ ಲ್ಯಾಪ್‌ಟಾಪಿನಲ್ಲಿ, ಅವನಿಗೇ ತಿಳಿಯದಂತೆ, ಕಡತಗಳಿಗೆ ಬೀಗ ಜಡಿದು ಹಣ ಕೇಳುವ ಜಾತಿಯ ವೈರಸ್ಸೊಂದು ಸೇರಿಕೊಂಡಿದ್ದಿತು. ಅದು ಮೊದಲು ಅವನ ಯಂತ್ರವನ್ನು ಕೆಡಿಸಿತು. ಬಳಿಕ ಅದೇ ಜಾಲದಲ್ಲಿ ಬಾಗಿಲು ತೆರೆದುಕೊಂಡಿದ್ದ ನಮ್ಮ ಡಿಸ್ಕನ್ನು ಕಂಡಿತು. ಮರುದಿನ ನೋಡಿದಾಗ ಪ್ರತಿಯೊಂದು ಕಡತದ ಹೆಸರಿನ ಕೊನೆಗೂ ಅರ್ಥವಿಲ್ಲದ ಅಕ್ಷರಗಳು ಸೇರಿದ್ದುವು. ಹಣವನ್ನು ಎಲ್ಲಿಗೆ ಕಳುಹಿಸಬೇಕೆಂಬ ಇಂಗ್ಲಿಷ್ ಚೀಟಿಯೊಂದು ಪ್ರತಿಯೊಂದು ಫೋಲ್ಡರಿನಲ್ಲಿಯೂ ಇದ್ದಿತು. ನಾವು ಕಳುಹಿಸಲಿಲ್ಲ. ಪುತ್ತೂರಿನ ಬಂಧುವೊಬ್ಬರಿಗೆ ಎಂದೋ ಪೆನ್‌ಡ್ರೈವಿನಲ್ಲಿ ಕೊಟ್ಟಿದ್ದ 17 ಕ್ಯಾಸೆಟ್ಟುಗಳ ಪ್ರತಿ ಮರಳಿ ದೊರೆಯಿತು. ಅಟ್ಟದಲ್ಲಿ ಉಳಿದಿದ್ದ 11ನ್ನು ಪುನಃ ಇಳಿಸಿಕೊಂಡೆವು. ಮಿಕ್ಕ 15 ಹೋದುವು.

ಆ ಹುಡುಗನು ಇಂದಿಗೂ ನಮ್ಮ ಮನೆಗೆ ಬರಲು ಸಂಕೋಚಪಡುತ್ತಾನೆ. ಅವನ ತಪ್ಪು ಇದರಲ್ಲಿ ಹೆಚ್ಚಿನದಲ್ಲವೆಂದು ಅವನಿಗೆ ಹೇಳಿದ್ದೇವೆ, ಇಲ್ಲಿಯೂ ಹೇಳುತ್ತೇವೆ. ಚಾವಡಿಗೆ ಬಂದವನು ನೆಟ್ಟಗೆ ಉಗ್ರಾಣಕ್ಕೆ ನಡೆಯಬಹುದಾದಂತೆ ಮನೆಯನ್ನು ಇರಿಸಿಕೊಂಡವರು ನಾವು.

ನಮ್ಮ ಸೀಮೆಯ ಹಳೆಯ ಮನೆಗಳನ್ನು ನೆನಪಿಗೆ ತಂದುಕೊಳ್ಳಿರಿ. ತೋಟದ ದಾರಿಯಲ್ಲಿ ತಡಮೆ. ಮನುಷ್ಯರು ಅದನ್ನು ದಾಟಬಲ್ಲರು, ದನಗಳು ದಾಟಲಾರವು. ಅದನ್ನು ಕಳೆದರೆ ಅಂಗಳ, ಅದರ ಬದಿಗೆ ಹಟ್ಟಿ. ಅಂಗಳದಿಂದ ಜಗಲಿ, ಜಗಲಿಯಿಂದ ಚಾವಡಿ, ಅದರಿಂದ ಒಳಗೆ ಅಡುಗೆಮನೆ, ದೇವರ ಕೋಣೆ, ಉಗ್ರಾಣ. ಅಡಿಕೆ ವ್ಯಾಪಾರಿ ಬಂದರೆ ಜಗಲಿಯವರೆಗೆ, ನೆಂಟರು ಬಂದರೆ ಚಾವಡಿಯವರೆಗೆ, ಕರು ಎಷ್ಟೇ ಮುದ್ದಿನದಾದರೂ ಹಟ್ಟಿಯವರೆಗೆ. ಇದರಿಂದ ವ್ಯಾಪಾರಿಗಾಗಲಿ ನೆಂಟರಿಗಾಗಲಿ ಅವಮಾನವಾಯಿತೆಂದು ಯಾರೂ ತಿಳಿದುಕೊಳ್ಳುತ್ತಿರಲಿಲ್ಲ. (ಈ ಏರ್ಪಾಟಿನಲ್ಲಿ ಜಾತಿಯ ಕಟ್ಟೂ ಬೆರೆತಿದ್ದಿತೆಂಬುದನ್ನು ನಾವು ಮರೆತಿಲ್ಲ; ಅದನ್ನು ಪುನಃ ತರಬೇಕೆಂದು ಹೇಳಲು ನಾವಿಲ್ಲಿ ನಿಂತಿರುವುದಲ್ಲ. ಬಾಗಿಲುಗಳ ಜಾಣ್ಮೆಯಷ್ಟನ್ನು ತೆಗೆದುಕೊಂಡರೆ ಸಾಕು.) ಇಷ್ಟು ಬಾಗಿಲುಗಳ ಮನೆಯಲ್ಲಿ ಬಾಳಿದವರ ಮಕ್ಕಳಾದ ನಾವು, ಫೈಬರಿನ ತಂತಿ ಮನೆಗೆ ಬಂದಾಗ ಒಂದೇ ಒಂದು ಹಜಾರವನ್ನು ಕಟ್ಟಿ, ಬ್ಯಾಂಕಿನ ಲೆಕ್ಕವುಳ್ಳ ಮೊಬೈಲನ್ನೂ, ಸಂತೆಯಲ್ಲಿ ಕೊಂಡ ಕ್ಯಾಮರಾವನ್ನೂ, ಮೊಮ್ಮಗನ ಆಟದ ಯಂತ್ರವನ್ನೂ, ಬಂದುಹೋಗುವವರ ಸಕಲ ಸಾಮಗ್ರಿಗಳನ್ನೂ ಅದರಲ್ಲಿ ಒಟ್ಟಿಗೆ ಕೂರಿಸಿದ್ದೇವೆ.

ಇದು ಹೇಗೆ ನಡೆಯುತ್ತದೆಂಬುದನ್ನು ಸ್ವಲ್ಪ ವಿವರಿಸಬೇಕಾಗಿದೆ. ರೂಟರ್ ಎಂಬ ಪೆಟ್ಟಿಗೆ ತನ್ನೊಡನೆ ಸೇರಿದ ಪ್ರತಿಯೊಂದು ಉಪಕರಣಕ್ಕೂ ಒಂದು ಸಂಖ್ಯೆಯ ವಿಳಾಸವನ್ನು ಕೊಡುತ್ತದೆ. ಅನೇಕ ಮನೆಗಳಲ್ಲಿ ಅದು 192.168.1 ಎಂದು ಮೊದಲಾಗಿ, ಕೊನೆಯಲ್ಲಿ 1ರಿಂದ 254ರವರೆಗಿನ ಒಂದು ಅಂಕಿಯನ್ನು ಹೊಂದಿರುತ್ತದೆ. ಮನೆ ಮತ್ತು ಕಚೇರಿಗಳ ಒಳಬಳಕೆಗೆಂದೇ ಇಂತಹ ಮೂರು ಸರಣಿಗಳನ್ನು 1996ರ ನಿಯಮವೊಂದು ಮೀಸಲಿರಿಸಿದೆ. ಆದುದರಿಂದ ನಮ್ಮ ಮನೆಯ ಟಿವಿಯ ವಿಳಾಸವೂ ನೆರೆಮನೆಯ ಟಿವಿಯ ವಿಳಾಸವೂ ಒಂದೇ ಆಗಿದ್ದರೆ ತೊಡಕೇನಿಲ್ಲ. ಒಂದೇ ಜಾಲದಲ್ಲಿರುವ ಎರಡು ಉಪಕರಣಗಳು ಮಾತನಾಡಬೇಕಾದಾಗ, ಮೊದಲನೆಯದು "ಇಂತಹ ವಿಳಾಸದವರು ಯಾರು?" ಎಂದು ಕೂಗುತ್ತದೆ. ಕೂಗು ಎಲ್ಲರಿಗೂ ಕೇಳಿಸುತ್ತದೆ. ಆ ವಿಳಾಸದ್ದು ಓಗೊಡುತ್ತದೆ. ಅಲ್ಲಿಂದ ಮುಂದೆ ಅವೆರಡರ ನಡುವೆ ನೇರವಾದ ಸಂಭಾಷಣೆ. ರೂಟರಿನಲ್ಲಿ ಫೈರ್‌ವಾಲ್ ಎಂಬ ಕಾವಲುಗಾರನುಂಟು, ಆದರೆ ಅವನು ನಿಂತಿರುವುದು ಹೆಬ್ಬಾಗಿಲಿನಲ್ಲಿ, ಮುಖ ಹೊರಗಡೆಗೆ. ಬೆನ್ನ ಹಿಂದೆ ಕ್ಯಾಮರಾ ಡಿಸ್ಕಿನೊಡನೆ ಏನು ಮಾತನಾಡಿತೆಂಬುದು ಅವನಿಗೆ ಗೊತ್ತಾಗುವುದಿಲ್ಲ. ಏಕೆಂದರೆ ಆ ಮಾತು ಅವನ ಎದುರಿನಿಂದ ಹಾದುಹೋಗುವುದೇ ಇಲ್ಲ.

ಜಾಲವನ್ನು ಎರಡಾಗಿ ಮಾಡಿ, ಎರಡಕ್ಕೂ ಬೇರೆ ಬೇರೆ ಸರಣಿಯ ವಿಳಾಸಗಳನ್ನು ಕೊಟ್ಟೆವೆಂದರೆ ಒಂದರ ಕೂಗು ಇನ್ನೊಂದಕ್ಕೆ ಕೇಳಿಸದು. ಒಂದರಿಂದ ಇನ್ನೊಂದಕ್ಕೆ ಏನು ದಾಟಬೇಕಾದರೂ ರೂಟರಿನ ಮುಂದಿನಿಂದಲೇ ದಾಟಬೇಕು. ಆಗ ಅಲ್ಲೊಂದು ತಡಮೆಯನ್ನು ಕಟ್ಟಬಹುದು: ಮನೆಯವರ ಕಡೆಯಿಂದ ಕ್ಯಾಮರಾದ ಕಡೆಗೆ ಹೋಗಲು ಅಪ್ಪಣೆ, ಕ್ಯಾಮರಾ ಕೇಳಿದುದಕ್ಕೆ ಉತ್ತರ ಕೊಡಬಹುದು, ತಾನಾಗಿ ಮನೆಯವರ ಕಡೆಗೆ ಮಾತು ತೆಗೆಯುವಂತಿಲ್ಲ. ಇಡೀ ವಿದ್ಯೆಯ ಸಾರ ಇಷ್ಟೆ.

ಗಡಿ ಎಂಬ ಶಬ್ದ ನಮ್ಮವರಿಗೆ ಅಷ್ಟೇನೂ ಪ್ರಿಯವಾದುದಲ್ಲವೆಂಬುದನ್ನು ಬಲ್ಲೆವು. 1956ರ ನವೆಂಬರ 1ರಿಂದ ನಾವು ಒಂದು ಗೆರೆಯ ಈಚೆಗಿದ್ದೇವೆ. ಈ ವೇದಿಕೆಯಿಂದ ಆ ಗೆರೆಯ ಬಗ್ಗೆ ಎಷ್ಟೋ ಭಾಷಣಗಳಾಗಿವೆ. ಈಗ ನಾವು ಬಂದು ನಿಮ್ಮ ಮನೆಯೊಳಗೇ ಗೆರೆ ಎಳೆಯಿರೆಂದು ಹೇಳುತ್ತಿದ್ದೇವೆ! ಆದರೆ ಗೆರೆಯ ಕಷ್ಟವನ್ನು ಅನುಭವಿಸಿದವರಿಗೇ ಅದನ್ನು ಎಚ್ಚರದಿಂದ ಎಳೆಯುವುದೂ ತಿಳಿದಿರುತ್ತದೆ. 2020ರ ಮಾರ್ಚಿಯಲ್ಲಿ ತಲಪಾಡಿಯ ರಸ್ತೆಗೆ ತಡೆ ಬಿದ್ದಾಗ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮ ರೋಗಿಗಳ ಗತಿಯೇನಾಯಿತೆಂಬುದು ಈ ಸಭೆಗೆ ಹೇಳಬೇಕಾದುದಲ್ಲ. ಆ ದುಃಖವನ್ನು ಮನೆಯ ಯಂತ್ರಗಳ ವಿಷಯಕ್ಕೆ ಹೋಲಿಸುವುದು ಸಲ್ಲದು. ಯಾರು ಯಾವುದಕ್ಕಾಗಿ ದಾಟಬೇಕಾಗಿದೆಯೆಂದು ಮೊದಲು ಕೇಳಿಕೊಳ್ಳದೆ ಎತ್ತಿದ ಗೋಡೆ ಮನೆಯವರಿಗೇ ಮೊದಲು ತಗಲುತ್ತದೆಂಬಷ್ಟನ್ನು ಮಾತ್ರ ಅಲ್ಲಿಂದ ಎತ್ತಿಕೊಳ್ಳುತ್ತೇವೆ.

ಈ ಚಿಕ್ಕ ಚಿಕ್ಕ ಉಪಕರಣಗಳನ್ನು ಏಕೆ ಸಂಶಯದಿಂದ ನೋಡಬೇಕು? ಮೊಬೈಲು, ಲ್ಯಾಪ್‌ಟಾಪುಗಳಿಗೆ ತಯಾರಕರು ಆಗಾಗ ತಿದ್ದುಪಡಿಗಳನ್ನು ಕಳುಹಿಸುತ್ತಾರೆ. ಅಗ್ಗದ ಕ್ಯಾಮರಾ, ಬಲ್ಬುಗಳಲ್ಲಿ ಎಷ್ಟೋ ಕೊಂಡ ದಿನ ಹೇಗಿದ್ದುವೋ ಸಾಯುವವರೆಗೂ ಹಾಗೆಯೇ ಇರುತ್ತವೆ. 2016ರಲ್ಲಿ ಮಿರಾಯ್ ಎಂಬ ಹೆಸರಿನ ದುಷ್ಟ ಪ್ರೋಗ್ರಾಮು ಕಾರ್ಖಾನೆಯಲ್ಲಿ ಹಾಕಿಕೊಟ್ಟ ಹೆಸರು-ಪಾಸ್‌ವರ್ಡುಗಳ ಅರುವತ್ತಕ್ಕೆ ಮಿಕ್ಕ ಜೋಡಿಗಳನ್ನು ಒಂದೊಂದಾಗಿ ಪ್ರಯತ್ನಿಸುತ್ತ, ಜಗತ್ತಿನಾದ್ಯಂತ ಲಕ್ಷಾಂತರ ಕ್ಯಾಮರಾ, ವಿಡಿಯೋ ರೆಕಾರ್ಡರು, ಮನೆಯ ರೂಟರುಗಳನ್ನು ವಶಪಡಿಸಿಕೊಂಡಿತು. ಆ ಸೇನೆಯನ್ನು ಬಳಸಿ ಅದೇ ವರ್ಷದ ಅಕ್ಟೋಬರ 21ರಂದು ಅಮೆರಿಕದ ಡೈನ್ ಎಂಬ ಸಂಸ್ಥೆಯ ಮೇಲೆ ದಾಳಿ ನಡೆದಾಗ ಟ್ವಿಟರ್, ನೆಟ್‌ಫ್ಲಿಕ್ಸ್ ಮೊದಲಾದ ದೊಡ್ಡ ತಾಣಗಳು ಅನೇಕರಿಗೆ ಗಂಟೆಗಟ್ಟಲೆ ತೆರೆಯದಾದುವು. ಆ ಪ್ರೋಗ್ರಾಮನ್ನು ರಚಿಸಿದ ಮೂವರು ತರುಣರು 2017ರಲ್ಲಿ ನ್ಯಾಯಾಲಯದ ಮುಂದೆ ತಪ್ಪೊಪ್ಪಿಕೊಂಡರು. ಸಿಸಿಟಿವಿ ಕ್ಯಾಮರಾ ಎಂದರೆ ನಾವು ಕಳ್ಳನನ್ನು ಹಿಡಿಯುವ ಯಂತ್ರವೆಂದು ಭಾವಿಸುತ್ತೇವೆ. ಅಲ್ಲಿ ಅದು ಕಳ್ಳನ ಆಳಾಯಿತು.

ಒಳಬಾಗಿಲುಗಳಿಲ್ಲದುದರ ಫಲವನ್ನು ತೋರಿಸುವ ಉದಾಹರಣೆ ಇನ್ನೊಂದು. 2013ರ ಕೊನೆಯಲ್ಲಿ ಅಮೆರಿಕದ ಟಾರ್ಗೆಟ್ ಎಂಬ ಅಂಗಡಿಗಳ ಸಂಸ್ಥೆಯಿಂದ ಸುಮಾರು 4 ಕೋಟಿ ಗಿರಾಕಿಗಳ ಕಾರ್ಡುಗಳ ವಿವರ ಕಳವಾಯಿತು. ಕಳ್ಳರು ಮೊದಲು ಹೊಕ್ಕುದು ಹಣದ ಯಂತ್ರಗಳ ಮೂಲಕವಲ್ಲ. ಶೀತಕ ಯಂತ್ರಗಳ ಕೆಲಸ ಮಾಡುತ್ತಿದ್ದ ಗುತ್ತಿಗೆದಾರನೊಬ್ಬನಿಗೆ ಕೊಟ್ಟಿದ್ದ ಪ್ರವೇಶದ ಗುರುತನ್ನು ಕದ್ದು. ಗುತ್ತಿಗೆದಾರನು ಬರುವ ಜಾಲಕ್ಕೂ ಗಲ್ಲಾಪೆಟ್ಟಿಗೆಗಳ ಜಾಲಕ್ಕೂ ನಡುವೆ ಭದ್ರವಾದ ಬಾಗಿಲು ಇರಲಿಲ್ಲ. ಅಷ್ಟು ದೊಡ್ಡವರು ಎಡವಿದಲ್ಲಿ ನಮ್ಮ ಮನೆಯ ಡಿಸ್ಕಿನದೇನು ಲೆಕ್ಕ ಎಂದು ಒಂದು ಬಗೆಯ ಸಮಾಧಾನವನ್ನೂ ಆಗ ತಂದುಕೊಂಡೆವು. ಆದರೆ ಅವರ ಕಾರ್ಡುಗಳನ್ನು ಬ್ಯಾಂಕುಗಳು ಹೊಸದಾಗಿ ಮಾಡಿಕೊಡಬಲ್ಲವು, ತಾಳಮದ್ದಲೆಯ ಅರ್ಥಧಾರಿಗಳನ್ನು ಯಾರು ಮಾಡಿಕೊಡಬಲ್ಲರು?

ಇನ್ನು ಮಾಡುವ ಬಗೆ. ಎಲ್ಲಕ್ಕಿಂತ ಸುಲಭವಾದುದು, ನಿಮ್ಮ ಪೆಟ್ಟಿಗೆಯಲ್ಲಿ ಈಗಾಗಲೆ ಇರಬಹುದಾದ ಗೆಸ್ಟ್ ನೆಟ್‌ವರ್ಕ್ ಎಂಬ ಸೌಕರ್ಯ. ಅದನ್ನು ತೆರೆದು ಬೇರೆ ಹೆಸರನ್ನೂ ಬೇರೆ ಪಾಸ್‌ವರ್ಡನ್ನೂ ಕೊಟ್ಟರೆ ಅತಿಥಿಗಳಿಗೊಂದು ಚಾವಡಿ ಸಿದ್ಧವಾಗುತ್ತದೆ. ಹೆಚ್ಚು ತೊಡಕು ಬೇಡವೆನ್ನುವವರು ಕ್ಯಾಮರಾ, ಬಲ್ಬುಗಳನ್ನೂ ಅಲ್ಲಿಗೇ ಸಾಗಿಸಬಹುದು. ಒಂದು ಪರೀಕ್ಷೆಯನ್ನು ಮಾತ್ರ ತಪ್ಪದೆ ಮಾಡತಕ್ಕದ್ದು: ಮೊಬೈಲನ್ನು ಅತಿಥಿಗಳ ಜಾಲಕ್ಕೆ ಸೇರಿಸಿ ಮನೆಯ ಡಿಸ್ಕಿನ ವಿಳಾಸವನ್ನೋ ರೂಟರಿನ ಪುಟವನ್ನೋ ತೆರೆಯಲು ಯತ್ನಿಸಿರಿ. ತೆರೆದುಕೊಂಡರೆ ಬಾಗಿಲು ಚಿತ್ರದಲ್ಲಿ ಬರೆದ ಬಾಗಿಲೆಂದು ತಿಳಿಯಬೇಕು. ಒಳಜಾಲಕ್ಕೆ ಪ್ರವೇಶ ಕೊಡುವ ಗುರುತು ಎಲ್ಲೋ ಹಾಕಿಯೇ ಇದೆ. ಪೆಟ್ಟಿಗೆಯಿಂದ 2.4 ಮತ್ತು 5 ಗಿಗಾಹರ್ಟ್ಸ್ ಎಂದು ಎರಡು ಹೆಸರುಗಳು ಕಾಣಿಸುವುದನ್ನು ನೋಡಿ, ತಮ್ಮ ಜಾಲ ಆಗಲೇ ಎರಡಾಗಿದೆಯೆಂದು ನಂಬಿದವರನ್ನೂ ಕಂಡಿದ್ದೇವೆ. ಅವು ಒಂದೇ ಹಜಾರಕ್ಕೆ ಬರುವ ಎರಡು ಮೆಟ್ಟಿಲುಗಳು. ಪ್ರತ್ಯೇಕತೆ ಏನೂ ಇಲ್ಲ.

ನಾವು ಹಿಡಿದ ದಾರಿ ಎರಡನೆಯದು, ಎರಡು ರೂಟರುಗಳದು. ಇಂಟರ್‌ನೆಟ್ ಕೊಡುವವರು ಇರಿಸಿಹೋದ ಪೆಟ್ಟಿಗೆ ಹೊರಗಿನದು. ನಾವು ಕೊಂಡುತಂದ ಇನ್ನೊಂದು ಒಳಗಿನದು. ಹೊರಗಿನದರಿಂದ ಒಂದು ತಂತಿಯನ್ನು ತಂದು ಒಳಗಿನದರಲ್ಲಿ ಇಂಟರ್‌ನೆಟ್ ಅಥವಾ ವ್ಯಾನ್ ಎಂದು ಬರೆದಿರುವ ಪೋರ್ಟಿಗೇ ಸಿಕ್ಕಿಸಬೇಕು. ಪಕ್ಕದ ಪೋರ್ಟುಗಳಲ್ಲೊಂದಕ್ಕೆ ಸಿಕ್ಕಿಸಿದರೆ ಎರಡೂ ಬೆರೆತು ಮತ್ತೆ ಒಂದೇ ಜಾಲ. ಅಕ್ಸೆಸ್ ಪಾಯಿಂಟ್ ಎಂಬ ಕ್ರಮದಲ್ಲಿರಿಸಿದರೂ ಅಷ್ಟೆ. ಎರಡು ಪೆಟ್ಟಿಗೆಗಳೂ ಕಾರ್ಖಾನೆಯಿಂದ 192.168.1ರ ಸರಣಿಯನ್ನೇ ಹೊತ್ತು ಬಂದಿದ್ದುದರಿಂದ ಮೊದಲ ದಿನ ನಮಗೆ ಇಂಟರ್‌ನೆಟ್ಟೇ ಇಲ್ಲವಾಯಿತು. ಒಳಗಿನದನ್ನು 192.168.50 ಎಂದು ಬದಲಾಯಿಸಿದ ಮೇಲೆ ಸರಿಹೋಯಿತು.

ಇಲ್ಲಿ ಹೆಚ್ಚಿನವರು ತಪ್ಪುವ ಒಂದು ಅಂಶವಿದೆ; ನಾವೂ ತಪ್ಪಿದೆವು. ಹೊಸ ಪೆಟ್ಟಿಗೆಯನ್ನು ಅತಿಥಿಗಳಿಗೂ ಕ್ಯಾಮರಾಗಳಿಗೂ ಕೊಟ್ಟು, ಮನೆಯವರು ಹಳೆಯದರಲ್ಲಿಯೇ ಇದ್ದರೆ ಸಾಕೆಂದು ತೋರುತ್ತದೆ. ಅದು ತಲೆಕೆಳಗಾದ ಏರ್ಪಾಡು. ಒಳಗಿನ ಪೆಟ್ಟಿಗೆಯ ಹಿಂದಿರುವವರು ಹೊರಗಿನದನ್ನು ದಾಟಿಯೇ ಇಂಟರ್‌ನೆಟ್ಟಿಗೆ ಹೋಗಬೇಕಾದುದರಿಂದ, ಹೊರಗಿನ ಜಾಲದಲ್ಲಿರುವುದೆಲ್ಲ ಅವರಿಗೆ ಕೈಗೆ ಎಟಕುತ್ತದೆ. ಹೊರಗಿರುವವರಿಗೆ ಮಾತ್ರ ಒಳಗಿನದು ಎಟಕದು. ಅಂದಮೇಲೆ ಕ್ಯಾಮರಾ ಒಳಗಿದ್ದು ಮನೆಯವರು ಹೊರಗಿದ್ದರೆ, ಉಗ್ರಾಣದಲ್ಲಿ ಅತಿಥಿಯನ್ನು ಮಲಗಿಸಿ ನಾವು ಜಗಲಿಯಲ್ಲಿ ಮಲಗಿದಂತಾಯಿತು. ಆದುದರಿಂದ ಲ್ಯಾಪ್‌ಟಾಪು, ಬ್ಯಾಂಕಿನ ಮೊಬೈಲು, ಡಿಸ್ಕು ಇವು ಒಳಪೆಟ್ಟಿಗೆಯಲ್ಲಿ. ಕ್ಯಾಮರಾ, ಟಿವಿ, ಬಲ್ಬು, ಪ್ರಿಂಟರು ಹೊರಪೆಟ್ಟಿಗೆಯಲ್ಲಿ. ನೆಂಟರು ಹೊರಪೆಟ್ಟಿಗೆಯ ಗೆಸ್ಟ್ ನೆಟ್‌ವರ್ಕಿನಲ್ಲಿ. ಹೀಗೆ ಎರಡು ಪೆಟ್ಟಿಗೆಗಳಿಂದ ಮೂರು ಜಾಲಗಳು.

ಮೂರನೆಯ ದಾರಿಯೊಂದುಂಟು, ವಿ-ಲ್ಯಾನ್ ಎಂದು ಅದರ ಹೆಸರು. ಒಂದೇ ತಂತಿಯಲ್ಲಿ ಹಲವು ಜಾಲಗಳನ್ನು ಸಾಗಿಸಿ, ಪ್ರತಿಯೊಂದು ಮಾಹಿತಿಯ ಕಟ್ಟಿಗೂ ಅದು ಯಾವ ಜಾಲದ್ದೆಂಬ ನಾಲ್ಕು ಬೈಟಿನ ಚೀಟಿಯನ್ನು ಅಂಟಿಸುವ ವಿಧಾನ. ಇದರ ಪ್ರಮಾಣ 1998ರಲ್ಲಿ ಗೊತ್ತಾಯಿತು. ಚೀಟಿಯಲ್ಲಿ 1ರಿಂದ 4094ರವರೆಗೆ ಸಂಖ್ಯೆಗಳನ್ನು ಬರೆಯಬಹುದು. ದೊಡ್ಡ ಕಚೇರಿಗಳಿಗೂ, ಈ ಕೆಲಸದಲ್ಲಿ ರುಚಿಯುಳ್ಳ ತರುಣರಿಗೂ ಇದು ಯೋಗ್ಯವಾದುದು. ನಮ್ಮಂತಹವರ ಮನೆಗೆ ಅಗತ್ಯವಿಲ್ಲ.

ಬೇರ್ಪಡಿಸಿದ ಮಾರನೆಯ ದಿನದಿಂದಲೇ ದೂರುಗಳು ಮೊದಲಾದುವು. ಮೊಬೈಲಿನಲ್ಲಿರುವ ಚಿತ್ರವನ್ನು ಟಿವಿಗೆ ಹಾಕಲು ಬರುವುದಿಲ್ಲವೆಂದು ಮಕ್ಕಳು. ಪ್ರಿಂಟರು ಕಾಣೆಯಾಗಿದೆಯೆಂದು ಮನೆಯಿಂದಲೇ ಬೆಂಗಳೂರಿನ ಕಚೇರಿಯ ಕೆಲಸ ಮಾಡುವ ಸೊಸೆ. ಕಾರಣ ಇಷ್ಟೆ: ಈ ಉಪಕರಣಗಳು ಒಂದನ್ನೊಂದು ಹುಡುಕಿಕೊಳ್ಳುವುದು ಮೊದಲು ಹೇಳಿದ ಕೂಗಿನಂತಹ ಕ್ರಮದಿಂದ, 224.0.0.251 ಎಂಬ ಸಾಮೂಹಿಕ ವಿಳಾಸಕ್ಕೆ ಕರೆ ಕಳುಹಿಸಿ. ಆ ಕರೆ ತನ್ನ ಜಾಲದ ಎಲ್ಲೆಯನ್ನು ದಾಟದಂತೆ ಮಾಡಿದುದೇ ಆಗಿದೆ. ಪ್ರಿಂಟರಿಗೆ ಬದಲಾಗದ ಒಂದು ವಿಳಾಸವನ್ನು ಗೊತ್ತುಪಡಿಸಿ, ಲ್ಯಾಪ್‌ಟಾಪಿನಲ್ಲಿ ಆ ವಿಳಾಸವನ್ನು ಕೈಯಾರೆ ಬರೆದ ಮೇಲೆ ಮುದ್ರಣ ಸಾಗಿತು. ಟಿವಿಗೆ ಅದರದೇ ರಿಮೋಟು ಇದೆಯಷ್ಟೆ, ಅದರಿಂದಲೇ ನೋಡಬಹುದೆಂದು ತೀರ್ಮಾನವಾಯಿತು. ಮಕ್ಕಳು ಒಪ್ಪಿದರೆಂದು ಹೇಳಲಾರೆವು. ಹೊಸ ಬಲ್ಬು, ಪ್ಲಗ್ಗುಗಳನ್ನು ಮೊದಲ ಸಲ ಜೋಡಿಸುವಾಗ ಮೊಬೈಲನ್ನೂ ಅದೇ ಜಾಲಕ್ಕೆ ತಾತ್ಕಾಲಿಕವಾಗಿ ಸೇರಿಸಬೇಕಾಗುವುದುಂಟು. ಕೆಲಸ ಮುಗಿದೊಡನೆ ಮರಳಿ ಕರೆದುಕೊಳ್ಳಲು ಮರೆಯಬಾರದು.

ನೆಂಟರು ಬಂದು ರೈಲಿನ ಟಿಕೇಟನ್ನು ಮುದ್ರಿಸಿಕೊಡಿರೆಂದಾಗ, ಅದನ್ನು ನಮಗೆ ವಾಟ್ಸಾಪಿನಲ್ಲಿ ಕಳುಹಿಸಿರಿ, ನಾವು ಮುದ್ರಿಸಿಕೊಡುತ್ತೇವೆ ಎನ್ನುತ್ತೇವೆ. ಇದು ಆತಿಥ್ಯಕ್ಕೆ ಕುಂದೆಂದು ಮನೆಯ ಹಿರಿಯರ ಅಭಿಪ್ರಾಯ. ಆ ವ್ಯಾಜ್ಯ ಇನ್ನೂ ಇತ್ಯರ್ಥವಾಗಿಲ್ಲ.

ಇದರಿಂದ ಎಲ್ಲ ಆಪತ್ತುಗಳೂ ಪರಿಹಾರವಾಗುತ್ತವೆಂದು ಯಾರೂ ಎಣಿಸಬಾರದು. ಬ್ಯಾಂಕಿನವರೆಂದು ಸುಳ್ಳು ಹೇಳಿ ಒಟಿಪಿ ಕೇಳುವವನು ಯಾವ ಜಾಲವನ್ನೂ ಮುರಿಯಬೇಕಾಗಿಲ್ಲ; ನಮ್ಮ ಬಾಯಿಂದಲೇ ಅದು ಹೋಗುತ್ತದೆ. ಕ್ಯಾಮರಾಕ್ಕೆ ಕಾರ್ಖಾನೆಯ ಪಾಸ್‌ವರ್ಡನ್ನೇ ಉಳಿಸಿದರೆ ಅದು ಯಾವ ಕೋಣೆಯಲ್ಲಿದ್ದರೂ ಪರರ ಕಣ್ಣೇ. ನಮ್ಮ ಡಿಸ್ಕಿಗೆ ಒಂದು ಪಾಸ್‌ವರ್ಡು ಇದ್ದಿದ್ದರೆ, ಅಥವಾ ಜಾಲದಿಂದ ಬಿಚ್ಚಿ ಕಪಾಟಿನಲ್ಲಿರಿಸಿದ ಇನ್ನೊಂದು ಪ್ರತಿಯಿದ್ದಿದ್ದರೆ, ಬಾಗಿಲುಗಳಿಲ್ಲದಿದ್ದರೂ ಆ 15 ಕ್ಯಾಸೆಟ್ಟುಗಳು ಉಳಿಯುತ್ತಿದ್ದುವು. ಈಗ ಅಂತಹ ಎರಡು ಪ್ರತಿಗಳಿವೆ; ಒಂದು ಪುತ್ತೂರಿನಲ್ಲಿದೆ.

ಕೊನೆಯದಾಗಿ ಒಂದು ಬಿನ್ನಹ. ಹೋದ 15ರಲ್ಲಿ ಎರಡು ರಾತ್ರಿಗಳ ಕೃಷ್ಣಸಂಧಾನ, ಒಂದು ವಾಲಿವಧೆ, ಮೂರು ಕ್ಯಾಸೆಟ್ಟುಗಳ ಕರ್ಣಪರ್ವ ಇದ್ದುವು. ಉಳಿದುವುಗಳ ಪಟ್ಟಿ ತೀರ್ಥರೂಪರ ಕೈಬರಹದಲ್ಲಿ, ತಾರೀಕು ಮತ್ತು ಸ್ಥಳಗಳೊಂದಿಗೆ, ನಮ್ಮಲ್ಲಿದೆ. ಆ ದಿನಗಳಲ್ಲಿ ಒಬ್ಬರು ಹಿಡಿದ ಧ್ವನಿಯನ್ನು ಹತ್ತು ಮನೆಯವರು ಕೇಳಿ ಪ್ರತಿ ಮಾಡಿಸಿಕೊಳ್ಳುತ್ತಿದ್ದುದುಂಟು. ಈ ಸಭೆಯಲ್ಲಿರುವವರ ಅಟ್ಟದಲ್ಲಿ, ಪೆಟ್ಟಿಗೆಯಲ್ಲಿ, ಅವುಗಳಲ್ಲಿ ಯಾವುದಾದರೊಂದು ಇರಬಹುದೆಂಬ ಆಸೆ ನಮಗಿದೆ. ಪಟ್ಟಿಯ ಪ್ರತಿಗಳನ್ನು ಸಭಾಂಗಣದ ಬಾಗಿಲ ಬಳಿಯ ಮೇಜಿನ ಮೇಲಿರಿಸಿದ್ದೇವೆ. ಕ್ಯಾಸೆಟ್ಟು ಎಷ್ಟೇ ಬೂಷ್ಟು ಹಿಡಿದಿರಲಿ, ದಯವಿಟ್ಟು ಎಸೆಯಬೇಡಿರಿ. ನಾವೇ ಬಂದು ಒಯ್ದು, ಧ್ವನಿಯನ್ನು ಇಳಿಸಿಕೊಂಡು, ನಿಮ್ಮದನ್ನು ನಿಮಗೆ ಮುಟ್ಟಿಸುತ್ತೇವೆ.